ಕಲಬುರಗಿಯ ಬೇಸಿಗೆಗೆ ಕೂಲರೋ, ಎಸಿಯೋ?

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಹಣವನ್ನೂ ವಿದ್ಯುತ್ತನ್ನೂ ಉಳಿಸಬೇಕೆನ್ನುವ ಕುಟುಂಬಕ್ಕೆ ನಾನು ಕೂಲರನ್ನೇ ಸೂಚಿಸುತ್ತೇನೆ. ಒಂದೂವರೆ ಟನ್ನಿನ ಎಸಿ ಪೂರ್ಣ ಪ್ರಮಾಣದಲ್ಲಿ ಓಡುವಾಗ ಸುಮಾರು 1500 ವಾಟ್ ಎಳೆದರೆ, ಸಾಮಾನ್ಯ ಕೂಲರಿಗೆ 200 ವಾಟ್‌ನಷ್ಟು ಸಾಕು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ, ಕರಾವಳಿಯಲ್ಲಿ ಸೋಲುವ ಈ ಯಂತ್ರ ನಮ್ಮ ಒಣಹವೆಯಲ್ಲಿ ಚೆನ್ನಾಗಿಯೇ ತಂಪು ಕೊಡುತ್ತದೆ. ಆದರೆ ಕಿಟಕಿ ತೆರೆದಿರಬೇಕು, ಗಂಟೆಗೆ ಹಲವು ಲೀಟರ್ ನೀರೂ ಬೇಕು. ನಳಕ್ಕಾಗಿ ಕಾಯುವ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ಕೊಳವೆಬಾವಿಯ ಗಡಸು ನೀರಾದರೆ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟಿ ಗಾಳಿಯೇ ನುಗ್ಗದಂತಾಗುತ್ತದೆ; ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸದಿದ್ದರೆ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಒಂದೇ ಕೋಣೆಗೆ ಎಸಿ ಹಾಕಿಸಿ, 26 ಡಿಗ್ರಿಗೆ ಇಟ್ಟು, ಫ್ಯಾನಿನ ಜೊತೆಗೆ ಬಳಸುವುದು ಖಂಡಿತ ದುಂದುವೆಚ್ಚವಲ್ಲ.