ಪಿಯುನಲ್ಲಿ ಬಯಾಲಜಿ ಇಲ್ಲದವರ ಎಂಬಿಬಿಎಸ್ ದಾರಿ: ಎನ್‌ಐಒಎಸ್ 314ರ ವಿಮರ್ಶೆ

ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಓದಿ ಸೆಕೆಂಡ್ ಪಿಯು ಮುಗಿಸಿದ ಮೇಲೆ ಎಂಜಿನಿಯರಿಂಗ್ ಬೇಡ, ಡಾಕ್ಟರೇ ಆಗಬೇಕು ಅನ್ನುವ ಮಕ್ಕಳಿಗೆ ಮೊದಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಮತ್ತೆ ಫಸ್ಟ್ ಪಿಯುಗೆ ಸೇರು, ಕಂಪ್ಯೂಟರ್ ಬದಲು ಬಯಾಲಜಿ ಇರುವ ಪಿಸಿಎಂಬಿ ತಗೋ. ಬಯಾಲಜಿಯನ್ನು ಎರಡು ವರ್ಷ ತರಗತಿಯಲ್ಲಿ ಕೂತು, ಪ್ರ್ಯಾಕ್ಟಿಕಲ್ ಸಮೇತ ಓದಿರಬೇಕು ಎಂಬ ಹಳೆಯ ನಿಯಮ ಅಡ್ಡ ನಿಂತಿತ್ತು. 2023ರ ನವೆಂಬರ್ 22ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆ ಆ ಅಡ್ಡಗೋಡೆಯನ್ನು ತೆಗೆಯಿತು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಥವಾ ಬಯೋಟೆಕ್ನಾಲಜಿ ಮತ್ತು ಇಂಗ್ಲಿಷ್, ಈ ನಾಲ್ಕನ್ನು 12ನೇ ತರಗತಿ ಪಾಸಾದ ನಂತರ ಅಡಿಷನಲ್ ಸಬ್ಜೆಕ್ಟ್ ಆಗಿ ಮಾಡಿಕೊಂಡರೂ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಅರ್ಹತೆ ಇದೆ. ಮ್ಯಾಥ್ಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ಅಡಿಷನಲ್ ಬಯಾಲಜಿಗೆ ಹೆಚ್ಚಿನವರು ಹೋಗುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ, ಅಂದರೆ ಎನ್‌ಐಒಎಸ್‌ಗೆ. ಅಲ್ಲಿ ಸೀನಿಯರ್ ಸೆಕೆಂಡರಿ ಬಯಾಲಜಿಯ ಕೋಡ್ 314. ವಿಮರ್ಶೆಯ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ. ಅರ್ಹತೆಯ ಚೀಟಿಯಾಗಿ 314 ಒಳ್ಳೆಯ ಸೌಲಭ್ಯ. ಅದನ್ನೇ ನೀಟ್ ತಯಾರಿ ಎಂದು ನಂಬಿ ಕೂತರೆ ಕೈಕೊಡುತ್ತದೆ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವು, 720 ಅಂಕದಲ್ಲಿ 360. ಅಡಿಷನಲ್ ಅಂತ ಕರೆಯುವ ಈ ವಿಷಯವೇ ನೀಟ್‌ನ ಅರ್ಧ ಪೇಪರ್.

ಒಂದೇ ವಿಷಯಕ್ಕೆ ಸೇರಲು ಅಲ್ಲಿ ಪಾರ್ಟ್ ಅಡ್ಮಿಷನ್ ಎಂಬ ವ್ಯವಸ್ಥೆ ಇದೆ. ಮಾನ್ಯತೆ ಇರುವ ಬೋರ್ಡಿನಲ್ಲಿ 12ನೇ ತರಗತಿ ಪಾಸಾದವರು ನಾಲ್ಕು ವಿಷಯಗಳವರೆಗೆ ತೆಗೆದುಕೊಳ್ಳಬಹುದು. ಕೊನೆಗೆ ಸಿಗುವುದು ಆ ವಿಷಯಗಳ ಮಾರ್ಕ್ಸ್ ಶೀಟ್ ಮಾತ್ರ, ಹೊಸದಾಗಿ 12ನೇ ತರಗತಿಯ ಸರ್ಟಿಫಿಕೇಟ್ ಅಲ್ಲ. ಕೆಲವರು ಇದನ್ನು ಕಂಡು ಗಾಬರಿಯಾಗುತ್ತಾರೆ, ಗಾಬರಿಗೆ ಕಾರಣವಿಲ್ಲ. ಪಿಯು ಸರ್ಟಿಫಿಕೇಟ್ ನಿಮ್ಮ ಹತ್ತಿರ ಇದ್ದೇ ಇದೆ, ಇದು ಅದರ ಜೊತೆ ಪಿನ್ ಹಾಕಿ ಇಡುವ ಕಾಗದ.

ಎಡವುವುದು ದಿನಾಂಕಗಳಲ್ಲಿ. ಎನ್‌ಐಒಎಸ್ ಪಬ್ಲಿಕ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಪಿಯು ಫಲಿತಾಂಶ ಬಂದ ತಕ್ಷಣ, ಮೇ-ಜೂನ್‌ನಲ್ಲಿ ಸೇರಿದರೆ ಅಕ್ಟೋಬರ್‌ಗೆ ಬರೆದು ಮುಗಿಸಬಹುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಬೇಸಿಗೆಯ ಬ್ಲಾಕ್‌ನಲ್ಲಿ, ಅಂದರೆ ಮೊದಲ ಅಡ್ಮಿಷನ್ ಅವಧಿಯಲ್ಲಿ ಸೇರಿದವರಿಗೆ ಮೊದಲ ಪರೀಕ್ಷೆ ಮುಂದಿನ ವರ್ಷದ ಏಪ್ರಿಲ್-ಮೇಗೆ. ಸೆಪ್ಟೆಂಬರ್‌ನಿಂದ ಶುರುವಾಗುವ ಎರಡನೇ ಬ್ಲಾಕ್‌ನವರಿಗೆ ಮುಂದಿನ ವರ್ಷದ ಅಕ್ಟೋಬರ್-ನವೆಂಬರ್. ಒಂದು ವರ್ಷ ಡ್ರಾಪ್ ತಗೊಂಡು ನೀಟ್‌ಗೆ ಕೂರುವವರ ಪಾಡು ಇಲ್ಲಿ ಬಿಗಿಯಾಗುತ್ತದೆ: 2025ರಲ್ಲಿ ನೀಟ್ ನಡೆದದ್ದು ಮೇ 4ಕ್ಕೆ, ಎನ್‌ಐಒಎಸ್ ಪರೀಕ್ಷೆ ಅದರ ಹಿಂದೆಮುಂದೆ ಹಬ್ಬಿತ್ತು. ಫಿಸಿಕ್ಸ್ ಮಾಕ್ ಟೆಸ್ಟ್ ಬರೆಯಬೇಕಾದ ವಾರದಲ್ಲಿ ವಿವರಣಾತ್ಮಕ ಉತ್ತರಗಳಿಗೆ ಚಿತ್ರ ಬಿಡಿಸುತ್ತಾ ಕೂರಬೇಕಾಗುತ್ತದೆ.

ಇದಕ್ಕೆ ಮದ್ದು ಆನ್ ಡಿಮ್ಯಾಂಡ್ ಪರೀಕ್ಷೆ. ಪಿಯು ಪಾಸಾಗಿ ಒಂದೆರಡು ವಿಷಯ ಸೇರಿಸಿಕೊಳ್ಳುವವರಿಗೆ ಇದರಲ್ಲಿ ಬೇರೆಯದೇ ಸ್ಟ್ರೀಮ್ ಇದೆ. ಇರುವ ಸ್ಲಾಟ್‌ಗಳಲ್ಲಿ ದಿನಾಂಕ ನೀವೇ ಆರಿಸಬಹುದು, ಪ್ರಶ್ನೆಪತ್ರಿಕೆಯನ್ನು ಪ್ರಶ್ನೆಭಂಡಾರದಿಂದ ಕಂಪ್ಯೂಟರ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಿದ್ಧಪಡಿಸುತ್ತದೆ. ಪಕ್ಕದವರನ್ನು ನೋಡಿ ಬರೆಯುವ ಮಾತೇ ಇಲ್ಲ. ಒಂದು ದಿನಕ್ಕೆ ಇಷ್ಟೇ ಸೀಟು ಎಂಬ ಮಿತಿ ಇರುವುದರಿಂದ ಕೊನೆಯ ಗಳಿಗೆಯಲ್ಲಿ ಬೇಕಾದ ದಿನ ಸಿಗುವುದಿಲ್ಲ. ಡ್ರಾಪ್ ವರ್ಷದವರು ಇದನ್ನು ಡಿಸೆಂಬರ್ ಒಳಗೆ ಮುಗಿಸಿ, ಜನವರಿಯಿಂದ ಬಯಾಲಜಿಯ ಬಹು ಆಯ್ಕೆ ಪ್ರಶ್ನೆಗಳಿಗೆ ಮಾತ್ರ ಕೂರುವುದು ನಮ್ಮ ಮಟ್ಟಿಗೆ ಸರಿಯಾದ ಲೆಕ್ಕ. ಪಬ್ಲಿಕ್ ಪರೀಕ್ಷೆಯ ದಾರಿಯೇ ಸಾಕು ಅನ್ನುವವರು ಒಂದು ಮಾತು ನೆನಪಿಡಬೇಕು: ಅಡ್ಮಿಷನ್ ಆಯಿತು ಅಂದರೆ ಪರೀಕ್ಷೆಗೆ ಹೆಸರು ಬಿತ್ತು ಅಂತಲ್ಲ. ಪರೀಕ್ಷಾ ಶುಲ್ಕ ಬೇರೆ, ಪ್ರ್ಯಾಕ್ಟಿಕಲ್ ಶುಲ್ಕ ಬೇರೆ, ಕಟ್ಟುವ ಗಡುವೂ ಬೇರೆ. ಪ್ರ್ಯಾಕ್ಟಿಕಲ್ ಥಿಯರಿಗಿಂತ ಮೊದಲೇ ನಡೆಯುತ್ತದೆ, ಅದು ತಪ್ಪಿದರೆ ಥಿಯರಿ ಎಷ್ಟು ಚೆನ್ನಾಗಿ ಬರೆದರೂ ಪಾಸ್ ಅಲ್ಲ. ಮನೆಯಲ್ಲೇ ಬರೆದು ಕೊಡುವ ಟಿಎಂಎ, ಅಂದರೆ ಅಸೈನ್‌ಮೆಂಟ್‌ಗೆ ಥಿಯರಿಯ 20% ತೂಕ ಇದೆ. ಸುಲಭದ ಅಂಕ, ಸುಮ್ಮನೆ ಬಿಟ್ಟುಬಿಡುವವರೇ ಜಾಸ್ತಿ.

ಪಾಸಾಗಲು 33% ಸಾಕು, ಥಿಯರಿಯಲ್ಲೂ ಪ್ರ್ಯಾಕ್ಟಿಕಲ್‌ನಲ್ಲೂ ಪ್ರತ್ಯೇಕವಾಗಿ. ಎಂಬಿಬಿಎಸ್‌ಗೆ ಅಷ್ಟೇ ಸಾಲದು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ 50%, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40% ಬೇಕು. ಪಿಯುನಲ್ಲಿ ಫಿಸಿಕ್ಸ್ 70, ಕೆಮಿಸ್ಟ್ರಿ 68 ಬಂದಿದ್ದರೆ ಮೊತ್ತ 138, ಬಯಾಲಜಿಯಲ್ಲಿ 33 ಬಂದರೂ 171 ಆಗಿ 150ರ ಗಡಿ ದಾಟುತ್ತದೆ. ಅದೇ ಫಿಸಿಕ್ಸ್ 48, ಕೆಮಿಸ್ಟ್ರಿ 45 ಇದ್ದರೆ ಬಯಾಲಜಿಯಲ್ಲಿ 57 ತೆಗೆಯಲೇಬೇಕು. ಎನ್‌ಐಒಎಸ್‌ಗೆ ಸೇರುವ ಮುಂಚೆ ಈ ಕೂಡುಲೆಕ್ಕವನ್ನು ಒಂದು ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ನೀಟ್‌ನಲ್ಲಿ ರ‍್ಯಾಂಕ್ ಬಂದ ಮೇಲೆ ಇದು ಸಾಲದು ಎಂದು ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಈಗ ಪುಸ್ತಕ. ಎನ್‌ಐಒಎಸ್ ಬಯಾಲಜಿ ಪುಸ್ತಕ ಸ್ವಂತ ಓದಿಗೆಂದೇ ಬರೆದದ್ದು. ಸಣ್ಣ ಸಣ್ಣ ಭಾಗ, ಪ್ರತಿ ಭಾಗದ ಕೊನೆಗೆ ಪ್ರಶ್ನೆ, ಪಾಠದ ಕೊನೆಗೆ ಉತ್ತರ. ಹತ್ತನೇ ತರಗತಿಯ ನಂತರ ಬಯಾಲಜಿ ಮುಟ್ಟದವರಿಗೆ ಮೊದಲ ಓದಿಗೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕಕ್ಕಿಂತ ಹಗುರ ಎನಿಸುತ್ತದೆ. ತೊಂದರೆ ಇರುವುದು ನೀಟ್ ಜೊತೆ ಹೋಲಿಸಿದಾಗ. ನೀಟ್ ಪ್ರಶ್ನೆಗಳು ಎನ್‌ಸಿಇಆರ್‌ಟಿಯ ಸಾಲುಗಳಿಂದಲೇ, ಕೆಲವೊಮ್ಮೆ ಚಿತ್ರದ ಕೆಳಗಿನ ಒಕ್ಕಣೆಯಿಂದಲೇ ಏಳುತ್ತವೆ. ಇಲ್ಲಿ ಪದಗಳೇ ಬೇರೆ: ಎನ್‌ಸಿಇಆರ್‌ಟಿ ಪ್ರೊಟಿಸ್ಟಾ ಎನ್ನುವುದನ್ನು ಎನ್‌ಐಒಎಸ್ ಪಾಠ ಪ್ರೊಟೊಕ್ಟಿಸ್ಟಾ ಎನ್ನುತ್ತದೆ. ಸಸ್ಯಗಳ ಖನಿಜ ಪೋಷಣೆ, ಮನುಷ್ಯನ ಜೀರ್ಣಕ್ರಿಯೆ, ಮಾಲಿನ್ಯ, ಇವೆಲ್ಲ ಎನ್‌ಸಿಇಆರ್‌ಟಿ ಪಠ್ಯ ಕಡಿತದ ಜೊತೆಗೆ ನೀಟ್ ಪಠ್ಯದಿಂದಲೂ ಹೋದವು, ಎನ್‌ಐಒಎಸ್‌ನಲ್ಲಿ ಅವಕ್ಕೆ ಪೂರ್ತಿ ಪಾಠಗಳೇ ಇವೆ. ಹಾಗಾಗಿ ಓದುವ ಕ್ರಮ ತಿರುಗುಮುರುಗಾಗಬೇಕು: ಎನ್‌ಸಿಇಆರ್‌ಟಿಯ 11, 12ನೇ ತರಗತಿ ಪುಸ್ತಕಗಳೇ ಮುಖ್ಯ, ಎನ್‌ಐಒಎಸ್ ಪರೀಕ್ಷೆಗೆ ಮೂರು ವಾರ ಮೊದಲು ಅದರಲ್ಲಿ ಮಾತ್ರ ಇರುವ ಪಾಠಗಳು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು. ಯಾವ ಪಾಠ ಟಿಎಂಎಗೆ, ಯಾವುದು ಪಬ್ಲಿಕ್ ಪರೀಕ್ಷೆಗೆ ಎಂದು ಎನ್‌ಐಒಎಸ್ ಪಠ್ಯವನ್ನು ಒಡೆದು ಕೊಟ್ಟಿದೆ. ಆ ಪಟ್ಟಿ ನೋಡದೆ ಅಷ್ಟೂ ಪಾಠ ಓದುವುದು ವ್ಯರ್ಥ.

ಪಿಸಿಎಂಸಿಯವರು ನಿಜಕ್ಕೂ ಹೆದರುವುದು ಪ್ರ್ಯಾಕ್ಟಿಕಲ್‌ಗೆ. 20 ಅಂಕದ್ದು, ರೆಕಾರ್ಡ್ ಮತ್ತು ವೈವಾ ಅದರೊಳಗೇ. ಪಿಷ್ಟ, ಸಕ್ಕರೆ, ಪ್ರೋಟೀನ್ ಪರೀಕ್ಷೆಗಳು ಸಾಲ್ಟ್ ಅನಾಲಿಸಿಸ್ ಮಾಡಿದ ಕೈಗೆ ಏನೇನೂ ಅಲ್ಲ. ಕಷ್ಟ ಕೊಡುವುದು ಮೈಕ್ರೋಸ್ಕೋಪ್. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ತೋರಿಸುವ ಸ್ಲೈಡನ್ನೇ ನೋಡಿ. ಈರುಳ್ಳಿಯ ಒಣಬೇರು ಸವರಿ, ನೀರು ತುಂಬಿದ ಲೋಟದ ಬಾಯಿ ಮೇಲೆ ಬುಡವಷ್ಟೇ ನೀರಿಗೆ ತಾಗುವಂತೆ ಕೂರಿಸಿದರೆ ಮೂರ‍್ನಾಲ್ಕು ದಿನದಲ್ಲಿ ಬಿಳಿ ಬೇರು 2–3 ಸೆಂ.ಮೀ. ಇಳಿಯುತ್ತದೆ. ಬೆಳಗ್ಗೆ 8ರಿಂದ 10ರೊಳಗೆ ತುದಿ ಕತ್ತರಿಸಿ, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆ್ಯಸಿಡ್‌ಗೆ ಮೂರು ಪಾಲು ಎಥನಾಲ್ ಬೆರೆಸಿದ ದ್ರವದಲ್ಲಿ 24 ಗಂಟೆ ಇಡಬೇಕು. ಆಮೇಲೆ ಸ್ಲೈಡ್ ಮೇಲೆ ಒಂದು ಹನಿ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆ್ಯಸಿಡ್, ಎರಡು ಮೂರು ಹನಿ ಅಸಿಟೊಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ ಸ್ಪಿರಿಟ್ ಲ್ಯಾಂಪ್ ಮೇಲೆ ಬಿಸಿ ತಾಗಿಸುವುದು, ಕುದಿಸಬಾರದು. ಬಣ್ಣ ಗಾಢವಾಗಿ ಹಿಡಿದ ತುದಿಯ 2–3 ಮಿ.ಮೀ. ಮಾತ್ರ ಉಳಿಸಿ, ಒಂದು ಹನಿ ನೀರು, ಕವರ್ ಸ್ಲಿಪ್, ಅದರ ಮೇಲೆ ಬ್ಲಾಟಿಂಗ್ ಪೇಪರ್, ಹೆಬ್ಬೆರಳಿನಿಂದ ನೇರವಾಗಿ ಒತ್ತು.

ಇದರಲ್ಲಿ ಕೆಡುವುದು ನಾಲ್ಕು ಕಡೆ. ಆ್ಯಸಿಡ್ ಬಿಟ್ಟರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಕಣ್ಣಿಗೆ ಕಾಣುವುದು ಕೆಂಪು ಮುದ್ದೆ. ಕುದಿಸಿದರೆ ಬಣ್ಣ ಒಣಗಿ ಗರಣೆ ಕಟ್ಟುತ್ತದೆ. ಒತ್ತುವಾಗ ಕವರ್ ಸ್ಲಿಪ್ ಜಾರಿದರೆ ಕ್ರೋಮೋಸೋಮ್‌ಗಳು ಚೆದುರುತ್ತವೆ. ಎಲ್ಲಕ್ಕಿಂತ ಸಾಮಾನ್ಯ ತಪ್ಪು, ತುದಿ ಬಿಟ್ಟು ಮೇಲಿನ ಬೇರಿನ ತುಂಡು ಇಡುವುದು. ಅಲ್ಲಿ ಕೋಶಗಳು ಉದ್ದವಾಗುತ್ತಿರುತ್ತವೆ, ವಿಭಜನೆಯಾಗುತ್ತಿರುವುದಿಲ್ಲ, ಗಂಟೆಗಟ್ಟಲೆ ನೋಡಿದರೂ ಮೆಟಾಫೇಸ್ (ಕ್ರೋಮೋಸೋಮ್‌ಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ) ಸಿಗದು. ವೈವಾದಲ್ಲಿ ಕೇಳುವುದೂ ಇದನ್ನೇ: ತುದಿಯೇ ಏಕೆ, ಬೆಳಗ್ಗೆಯೇ ಏಕೆ. ಸ್ಟಡಿ ಸೆಂಟರ್‌ನ ಸಂಪರ್ಕ ತರಗತಿಗಳಲ್ಲಿ ಇದನ್ನು ಒಂದು ಸಲವಾದರೂ ಕೈಯಾರೆ ಮಾಡಿ. ಸಂಪರ್ಕ ತರಗತಿಯ ಗುಣಮಟ್ಟ ಸೆಂಟರ್‌ನಿಂದ ಸೆಂಟರ್‌ಗೆ ಬೇರೆ. ಸೇರುವ ಮುನ್ನ ಹೋಗಿ, ಅಲ್ಲಿ ಬಯಾಲಜಿ ಲ್ಯಾಬ್ ಇದೆಯೇ, ಇಲ್ಲಾ ಬರೀ ಬೀರುವಿನಲ್ಲಿ ಸ್ಪೆಸಿಮನ್ ಬಾಟಲಿಗಳಿವೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು.

ಕಾಮರ್ಸ್, ಆರ್ಟ್ಸ್‌ನವರಿಗೂ ಇದೇ ದಾರಿ ತೆರೆದಿದೆ. ಅವರು 312 ಫಿಸಿಕ್ಸ್, 313 ಕೆಮಿಸ್ಟ್ರಿ, 314 ಬಯಾಲಜಿ ಮೂರನ್ನೂ ತೆಗೆದುಕೊಳ್ಳಬೇಕು, ಇಂಗ್ಲಿಷ್ ಪಿಯುನಲ್ಲಿ ಓದಿದ್ದೇ ಆಗುತ್ತದೆ. ಕಾಗದದ ಮೇಲೆ ಒಂದು ವರ್ಷದ ಕೆಲಸ. ನಿಜದಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಲೆಕ್ಕ ಹಾಕಬೇಡಿ. ಬಯಾಲಜಿಯನ್ನು ಓದಿ ಓದಿ ಹಿಡಿಯಬಹುದು. ಫಿಸಿಕ್ಸ್‌ಗೆ ವೆಕ್ಟರ್, ಲಾಗರಿದಮ್, ತ್ರಿಕೋನಮಿತಿ, ಸರಳ ಡಿಫರೆನ್ಷಿಯೇಷನ್ ಇಷ್ಟಾದರೂ ಕೈಯಲ್ಲಿರಬೇಕು, ಮ್ಯಾಥ್ಸ್ ಇಲ್ಲದ ಕಾಮರ್ಸ್‌ನವರು ಮೊದಲ ಮೂರು ತಿಂಗಳು ಅದಕ್ಕೇ ಕೊಡಬೇಕಾಗುತ್ತದೆ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ ಎಂಬುದೊಂದು ಸಮಾಧಾನ.

ವಿಜ್ಞಾನ ಓದದೆಯೇ ಡಾಕ್ಟರ್ ಆಗುವ ದಾರಿ ನಿಜವಾಗಿ ಇರುವುದು ಹೊರದೇಶಗಳಲ್ಲಿ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಲ್ಲಿ ಹಲವು ವೈದ್ಯಕೀಯ ಶಾಲೆಗಳು ಯಾವ ವಿಷಯದಲ್ಲಿ ಪದವಿ ಪಡೆದಿದ್ದರೂ ಗ್ಯಾಮ್‌ಸ್ಯಾಟ್ ಪರೀಕ್ಷೆಯ ಮೇಲೆ 4 ವರ್ಷದ ಕೋರ್ಸಿಗೆ ತೆಗೆದುಕೊಳ್ಳುತ್ತವೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳಿಗೆ ಇದು ಹೊಂದುತ್ತದೆ. ಇಲ್ಲಿಂದ ಹೋಗಿ ವಾಪಸ್ ಬಂದು ವೃತ್ತಿ ಮಾಡುವವರಿಗೆ ಹೊಂದುವುದಿಲ್ಲ: ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ವಿದೇಶಿ ಕೋರ್ಸಿಗೆ ಕನಿಷ್ಠ 54 ತಿಂಗಳು ಕೇಳುತ್ತದೆ, 4 ವರ್ಷ ಅಂದರೆ 48. ನೀಟ್ ಇಲ್ಲದೆ, ಬಯಾಲಜಿ ಇಲ್ಲದೆ ವಿದೇಶದಲ್ಲಿ ನೇರ ಎಂಬಿಬಿಎಸ್ ಎಂದು ಕರಪತ್ರ ಹಂಚುವ ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಗೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಕೌಂಟರ್. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡೂ 1ರಿಂದ 10ನೇ ತರಗತಿಯ ಓದಿನ ಮೇಲೆ ನಿಂತಿವೆ, ಹಾಗಾಗಿ ಪಿಯುನಲ್ಲಿ ಯಾವ ಕಾಂಬಿನೇಷನ್ ಇತ್ತು, ಬಯಾಲಜಿ ಎಲ್ಲಿಂದ ಬಂತು ಎಂಬುದರಿಂದ ಅವಕ್ಕೆ ಧಕ್ಕೆ ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಪಿಯು ಮಾರ್ಕ್ಸ್ ಕಾರ್ಡ್, ಎನ್‌ಐಒಎಸ್ ಮಾರ್ಕ್ಸ್ ಶೀಟ್ ಎರಡೂ ಮೂಲಪ್ರತಿ ಬೇಕು. ಇಲ್ಲಿ ನಮ್ಮ ಕಡೆಯವರಿಗೆ ಇನಿಷಿಯಲ್ ಕಾಟ ಕೊಡುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಮುಂದೆ ಎಚ್.ಎಸ್., ಆಧಾರ್‌ನಲ್ಲಿ ಹೆಸರಿನ ಹಿಂದೆ, ಎನ್‌ಐಒಎಸ್ ಫಾರ್ಮ್ ತುಂಬುವಾಗ ಸೈಬರ್ ಸೆಂಟರ್‌ನವರು ಅದನ್ನು ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಹಾಕಿಬಿಟ್ಟಿರುತ್ತಾರೆ. ಒಂದೇ ವ್ಯಕ್ತಿಗೆ ಮೂರು ಹೆಸರು. ಫಾರ್ಮ್ ಸಲ್ಲಿಸುವ ಮುಂಚೆ ಎಸ್ಸೆಸ್ಸೆಲ್ಸಿ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಚುಕ್ಕೆ, ಜಾಗ ಸಮೇತ ಹಾಗೇ ತುಂಬಿಸಿ, ಪ್ರಿಂಟ್ ತೆಗೆದು ಅಕ್ಷರ ಅಕ್ಷರ ತಾಳೆ ನೋಡಿ. ಆಮೇಲೆ ತಿದ್ದಿಸುವುದಕ್ಕೆ ಅರ್ಜಿ, ಶುಲ್ಕ, ಓಡಾಟ ಎಲ್ಲ ಬೀಳುತ್ತದೆ, ಅದೂ ಕೌನ್ಸೆಲಿಂಗ್ ನಡೆಯುತ್ತಿರುವ ವಾರದಲ್ಲೇ.