ಕಡಿಮೆ ಓಡಿದ ಕಾರು ಎಂದು ನಂಬಿಸಿ ನೀರಿನಲ್ಲಿ ಮುಳುಗಿದ್ದ ಕಾರನ್ನು ಮಾರಿದ್ದಾರೆ, ಎಚ್ಚರ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಿರುವವರು, ಅದರಲ್ಲೂ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಓಡಾಡಲು ದೊಡ್ಡ ಕಾರು ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಏಳು ಜನ ಕೂರಬಹುದಾದ ಕಾರೊಂದನ್ನು ನಾವು ಕೊಂಡೆವು. ಅದು ನೆರೆಯ ನೀರಿನಲ್ಲಿ ಮುಳುಗಿ ಎದ್ದು ಬಂದದ್ದು ಎಂಬ ಸತ್ಯ ನಮಗೆ ತಿಳಿದದ್ದು ಹಣವೆಲ್ಲ ಸಂದಾಯವಾಗಿ, ಕಾಗದಪತ್ರಗಳು ನಮ್ಮ ಹೆಸರಿಗೆ ಬಂದು, ಮಾರಿದವರ ದನಿಯೇ ಬದಲಾದ ಮೇಲೆ.

ನೋಡದೆ ಕೊಂಡಿರಬೇಕು ಎಂದು ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನೋಡಿಯೇ ಕೊಂಡೆವು. ಬಾನೆಟ್ ತೆರೆಸಿದೆವು, ಬಾಗಿಲುಗಳ ಸಂದು ಎಲ್ಲ ಕಡೆ ಒಂದೇ ಅಳತೆಯಲ್ಲಿದೆಯೇ ಎಂದು ಬಗ್ಗಿ ನೋಡಿದೆವು, ಎಲ್ಲಾದರೂ ಹೊಸದಾಗಿ ಬಣ್ಣ ಹೊಡೆಸಿದ್ದಾರೆಯೇ ಎಂದು ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷಿಸಿದೆವು, ಓಡಿಸಿಯೂ ನೋಡಿದೆವು. ಗಾಡಿಗೆ ಅಪಘಾತವಾಗಿರಲಿಲ್ಲ, ಅದು ನಿಜವೇ. ಕೊಳ್ಳುವವರೆಲ್ಲ ಅಪಘಾತದ ಗುರುತನ್ನು ಹುಡುಕುತ್ತಾರೆಯೇ ಹೊರತು ನೀರಿನ ಗುರುತನ್ನು ಹುಡುಕುವುದಿಲ್ಲ ಎಂಬುದು ಈ ವ್ಯವಹಾರದಲ್ಲಿ ಪಳಗಿದವರಿಗೆ ಚೆನ್ನಾಗಿ ಗೊತ್ತು, ಅದನ್ನೇ ಅವರು ಬಂಡವಾಳ ಮಾಡಿಕೊಂಡರು.

ಬೆಲೆಯೆಲ್ಲ ನಿಂತದ್ದು ಮೀಟರಿನಲ್ಲಿದ್ದ ಕಿಲೋಮೀಟರಿನ ಮೇಲೆ. ಅದೇ ವರ್ಷದ, ಅದೇ ಮಾದರಿಯ ಬೇರೆ ಕಾರುಗಳು ಓಡಿದ್ದಕ್ಕಿಂತ ಇದು ಬಹಳ ಕಡಿಮೆ ಓಡಿತ್ತು, ಆದ್ದರಿಂದಲೇ ಮಾರುಕಟ್ಟೆಯ ದರಕ್ಕಿಂತ ಹೆಚ್ಚು ಕೇಳಿದರು, ನಾವೂ ಕೊಟ್ಟೆವು. ಮೀಟರ್ ತಿರುಗಿಸಿರಬಹುದೆಂಬ ಅನುಮಾನದಿಂದ ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯೇ, ಸ್ಟೀರಿಂಗಿನ ಮೇಲ್ಭಾಗ ಕೈಯುಜ್ಜಿ ಹೊಳಪೇರಿದೆಯೇ, ಚಾಲಕನ ಸೀಟಿನ ಅಂಚು ಕುಸಿದಿದೆಯೇ ಎಂದು ನೋಡಿದರೆ ಯಾವುದೂ ಇರಲಿಲ್ಲ. ಇರುವುದಾದರೂ ಹೇಗೆ? ಮೀಟರನ್ನು ಯಾರೂ ತಿರುಗಿಸಿಯೇ ಇರಲಿಲ್ಲ. ಮುಳುಗಿದ ಮೇಲೆ ಆ ಕಾರು ಎಲ್ಲೋ ಒಂದು ಅಂಗಳದಲ್ಲಿ ಓಡದೆ ನಿಂತಿತ್ತು, ನಿಂತದ್ದರಿಂದಲೇ ಕಡಿಮೆ ಓಡಿತ್ತು. ಕಡಿಮೆ ಓಡಿದೆ ಎಂದು ಹತ್ತು ಸಲ ಹೇಳಿದವರು ಏಕೆ ಓಡಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ, ಮತ್ತು ಆ ಮೌನಕ್ಕೂ ನಮ್ಮಿಂದಲೇ ಹಣ ಪಡೆದರು!

ಇನ್ನೊಂದು ಸಂಗತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾವು ಹೋಗುವ ಹೊತ್ತಿಗೆ ಕಾರು ಆಗಲೇ ಚಾಲೂ ಆಗಿ ನಿಂತಿತ್ತು. “ಮಕ್ಕಳು ಬರ್ತಾರೆ ಅಂದಿದ್ರಲ್ಲ ಸಾರ್, ಅದಕ್ಕೇ ಎಸಿ ಹಾಕಿ ತಂಪು ಮಾಡಿ ಇಟ್ಟಿದ್ದೀನಿ” ಎಂದರು. ಎಷ್ಟು ಮರ್ಯಾದಸ್ಥರು ಎಂದು ನಮ್ಮ ಮನೆಯವರು ಮೆಚ್ಚಿಕೊಂಡರು. ಇಂಜಿನ್ ಪೂರ್ತಿ ಆರಿರುವಾಗ ಚಾಲೂ ಮಾಡಿದರೆ ಮಾತ್ರ ಕೇಳಿಸುವ ಸದ್ದು, ಆಗ ಮಾತ್ರ ಸೈಲೆನ್ಸರಿನಲ್ಲಿ ಕಾಣಿಸುವ ಹೊಗೆ, ಬಾಗಿಲು ಮುಚ್ಚಿಟ್ಟ ಕಾರಿನಲ್ಲಿ ಮಾತ್ರ ಮೂಗಿಗೆ ಬಡಿಯುವ ಮುಗ್ಗಲು ವಾಸನೆ, ಈ ಮೂರನ್ನೂ ಆ ಒಂದು ಉಪಚಾರದಲ್ಲಿ ಮರೆಮಾಚಿದ್ದರು. ಮೇಲೆ ಸುಗಂಧದ ಡಬ್ಬಿ ಬೇರೆ.

ಮನೆಗೆ ತಂದ ಕೆಲವೇ ದಿನಗಳಲ್ಲಿ ಒಂದೊಂದೇ ಶುರುವಾಯಿತು. ಹಿಂದಿನ ಕಿಟಕಿಯ ಗಾಜು ತಾನಾಗಿಯೇ ಇಳಿಯುವುದು, ಸೆಂಟ್ರಲ್ ಲಾಕ್ ಬೇಕಾದಾಗ ಬೀಳದೆ ಬೇಡವಾದಾಗ ಬೀಳುವುದು, ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆ ಸತ್ತಿರುವುದು. ಫೋನ್ ಮಾಡಿದರೆ “ಹೊಸ ಬ್ಯಾಟರಿ ಹಾಕ್ಸಿ ಸಾರ್, ಎಲ್ಲ ಸರಿ ಹೋಗತ್ತೆ” ಎಂಬ ಉತ್ತರ ಬಂತು. ಹಾಕಿಸಿದೆವು, ಸರಿ ಹೋಗಲಿಲ್ಲ. ವಾಸನೆಯ ಬಗ್ಗೆ ಕೇಳಿದರೆ ಎಸಿ ಫಿಲ್ಟರ್ ಬದಲಿಸಿ ಎಂದರು. ಅದನ್ನೂ ಬದಲಿಸಿದೆವು, ವಾಸನೆ ಹೋಗಲಿಲ್ಲ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆವು. ಅವರು ಬಾನೆಟ್ಟನ್ನು ಮುಟ್ಟಲೇ ಇಲ್ಲ. ನೇರವಾಗಿ ಹಿಂದಕ್ಕೆ ಹೋಗಿ, ಯಾರೂ ಅಷ್ಟಾಗಿ ಕೂರದ ಮೂರನೇ ಸಾಲಿನ ಸೀಟ್ ಬೆಲ್ಟನ್ನು ಹಿಡಿದು ಎಳೆಯುತ್ತಾ ಹೋದರು. ಹೊರಗೆ ಕಾಣುವಷ್ಟು ಪಟ್ಟಿ ಹೊಸದರಂತೆ ಕಪ್ಪಗಿತ್ತು. ಇನ್ನೂ ಎಳೆದಾಗ, ಒಳಗೆ ಸುರುಳಿಯಲ್ಲಿ ಸುತ್ತಿಕೊಂಡಿದ್ದ ಭಾಗ ಗಡುಸಾಗಿ, ಬೂದು ಬಣ್ಣಕ್ಕೆ ತಿರುಗಿ, ಅಡ್ಡಲಾಗಿ ಒಂದು ಕೆಮ್ಮಣ್ಣಿನ ಗೆರೆಯನ್ನು ಹೊತ್ತುಕೊಂಡು ಹೊರಬಂತು. ಬೆರಳಿನಿಂದ ಉಜ್ಜಿದರೆ ಪುಡಿ ಉದುರಿತು. “ಸಾರ್, ಇದು ಮುಳುಗಿದ್ದ ಗಾಡಿ” ಎಂದು ಅವರು ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಪಕ್ಕದಲ್ಲಿ ತಮ್ಮ ಗಾಡಿ ರಿಪೇರಿಗೆ ಬಿಟ್ಟು ಕುಳಿತಿದ್ದವರೂ ಎದ್ದು ಬಂದು ಇಣುಕಿದರು, ಎಷ್ಟಕ್ಕೆ ತಗೊಂಡ್ರಿ ಎಂದು ಒಬ್ಬರು ಕೇಳಿಯೂ ಬಿಟ್ಟರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಆಮೇಲೆ ಮುಂದಿನ ಸೀಟನ್ನು ಬಿಚ್ಚಿಸಿ ಕಾರ್ಪೆಟ್ ಎತ್ತಿಸಿದೆವು. ಮೇಲೆ ಒಣಗಿದಂತೆ ಕಾಣುತ್ತಿದ್ದ ಕಾರ್ಪೆಟ್ಟಿನ ಅಡಿಯ ಸ್ಪಂಜು ಇನ್ನೂ ಒದ್ದೆಯಾಗಿತ್ತು, ಸೀಟಿನ ಹಳಿಗಳು ತುಕ್ಕು ಹಿಡಿದಿದ್ದವು. ಸೀಟಿನ ಕೆಳಗೆ ಏರ್‌ಬ್ಯಾಗ್ ವ್ಯವಸ್ಥೆಗೆ ಹೋಗುವ ಹಳದಿ ಕನೆಕ್ಟರನ್ನು ಬಿಡಿಸಿದಾಗ ಒಳಗಿನ ಪಿನ್ನುಗಳು ಹಸಿರು ಕಿಲುಬು ಕಟ್ಟಿಕೊಂಡಿದ್ದವು. ಮುಳುಗಿದ ಕಾರಿನ ದೊಡ್ಡ ಅಪಾಯವೇ ಇದು: ಅದು ಒಂದೇ ದಿನಕ್ಕೆ ಕೆಡುವುದಿಲ್ಲ, ವೈರುಗಳ ಜೋಡಣೆಯಲ್ಲಿ ಕಿಲುಬು ನಿಧಾನವಾಗಿ ಹಬ್ಬುತ್ತಾ ಹೋಗಿ, ತಿಂಗಳುಗಳ ನಂತರ, ಅಂದರೆ ಮಾರಿದವರು ಕೈತೊಳೆದುಕೊಂಡ ನಂತರ, ಒಂದೊಂದೇ ಭಾಗ ಕೈಕೊಡುತ್ತದೆ. ನೆರೆಯ ನೀರು ಉಪ್ಪು ನೀರಾಗಿದ್ದರಂತೂ ಇನ್ನೂ ಬೇಗ.

ಏರ್‌ಬ್ಯಾಗಿನ ವಿಷಯವನ್ನು ಬಿಡಿಸಿ ಹೇಳಲೇಬೇಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹೊತ್ತಿಕೊಂಡು ಆರಬೇಕು. ಆರದೇ ಉಳಿದರೆ ದೋಷವಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಾರಿನಲ್ಲಿ ಅದು ಹೊತ್ತಿಕೊಳ್ಳುತ್ತಲೇ ಇರಲಿಲ್ಲ, ಏಕೆಂದರೆ ಮೀಟರ್ ಬೋರ್ಡಿನಿಂದ ಆ ದೀಪವನ್ನೇ ಕಿತ್ತಿದ್ದರು. ಉರಿಯುವ ದೀಪ ಕಣ್ಣಿಗೆ ಬೀಳುತ್ತದೆ, ಉರಿಯದ ದೀಪವನ್ನು ಯಾರು ಎಣಿಸುತ್ತಾರೆ? ಮಕ್ಕಳು ಕೂರುವ ಕಾರು ಎಂದು ತಿಳಿದೂ, ಮಕ್ಕಳಿಗಾಗಿ ಎಸಿ ಹಾಕಿಟ್ಟಿದ್ದೇನೆ ಎಂದು ಬಾಯಿತುಂಬ ಹೇಳುತ್ತಲೇ ಅವರು ಈ ಕೆಲಸ ಮಾಡಿದ್ದರು.

ಇಂಜಿನ್ ಕೂಡ ನೀರು ಕುಡಿದಿದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು; ಆದ್ದರಿಂದ ನೀರು ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಲು ಹೋದರೆ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಬಾಗಿದ ಮೇಲೆ ಪಿಸ್ಟನ್ ಪೂರ್ತಿ ಮೇಲೇರದೆ ಆ ಸಿಲಿಂಡರಿನ ಒತ್ತಡ ಇಳಿಯುತ್ತದೆ. ಕಂಪ್ರೆಷನ್ ಪರೀಕ್ಷೆ ಮಾಡಿಸಿದಾಗ ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ತೀರಾ ಕಡಿಮೆ ಬಂತು.

ಈಗ ಅವರ ಉತ್ತರಗಳನ್ನು ಕೇಳಿ. ಫೋಟೋಗಳನ್ನು ಕಳುಹಿಸಿದಾಗ ಮೊದಲು “ಯಾವ ನೀರು ಸಾರ್? ವಾಷಿಂಗ್ ಮಾಡುವಾಗ ಸ್ವಲ್ಪ ಒಳಗೆ ಹೋಗಿರಬಹುದು” ಎಂದರು. ಸೀಟ್ ಬೆಲ್ಟಿನ ಸುರುಳಿಯೊಳಗೆ ಕೆಮ್ಮಣ್ಣು ಹೊಕ್ಕುವಂತೆ ಯಾರು ಕಾರು ತೊಳೆಯುತ್ತಾರೆ ಎಂದು ಕೇಳಿದ್ದಕ್ಕೆ “ನಮಗೂ ಹೀಗೇ ಬಂದದ್ದು, ನಮಗೂ ಗೊತ್ತಿರಲಿಲ್ಲ” ಎಂದರು. ಗೊತ್ತಿಲ್ಲದಿದ್ದರೆ ದೀಪ ಕಿತ್ತವರು ಯಾರು ಎಂದು ಕೇಳಿದ ಮೇಲೆ ಭಾಷೆಯೇ ಬದಲಾಯಿತು: “ನೀವೇ ನೋಡಿ, ಓಡಿಸಿ, ಒಪ್ಪಿ ಸಹಿ ಹಾಕಿದ್ದೀರಿ. ಕಾಗದ ಓದಿಕೊಳ್ಳಿ.” ಕಾಗದದಲ್ಲಿ ‘ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ’ ಎಂಬ ಒಂದು ಸಾಲಿದೆ. ಇದ್ದ ಸ್ಥಿತಿ ಯಾವುದೆಂದು ಮುಚ್ಚಿಟ್ಟು, ಇದ್ದ ಸ್ಥಿತಿಯಲ್ಲಿ ಕೊಟ್ಟಿದ್ದೇವೆ ಎನ್ನುವ ಧೈರ್ಯ ನೋಡಿ. ಅದರ ನಂತರ ಸಂದೇಶ ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ.

ಇಂತಹ ಕಾರುಗಳು ಎಲ್ಲಿಂದ ಬರುತ್ತವೆ ಎಂಬುದೂ ಗುಟ್ಟೇನಲ್ಲ. ದುರಸ್ತಿಯ ಖರ್ಚು ಕಾರಿನ ಬೆಲೆಯ ಸಮೀಪಕ್ಕೆ ಬಂದಾಗ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಲೆಕ್ಕ ಹಾಕಿ ಮಾಲೀಕರಿಗೆ ಪರಿಹಾರ ಕೊಡುತ್ತದೆ, ಕಾರು ಹರಾಜಿಗೆ ಹೋಗುತ್ತದೆ. ಬಿಡಿಭಾಗಗಳಿಗೆಂದು ಕೊಂಡವರಲ್ಲಿ ಕೆಲವರು ತೊಳೆದು, ಒಣಗಿಸಿ, ಸೀಟಿಗೆ ಹೊಸ ಕವರ್ ಹಾಕಿಸಿ, ಮತ್ತೆ ರಸ್ತೆಗಿಳಿಸುತ್ತಾರೆ. ನಮ್ಮ ಕಾರಿನ ಸರ್ವಿಸ್ ದಾಖಲೆ ಒಂದು ತಿಂಗಳಿಗೆ ಬಂದು ತಟ್ಟನೆ ನಿಂತಿತ್ತು. “ಆಮೇಲೆ ಹೊರಗಡೆ ಮಾಡಿಸಿದ್ವಿ” ಎಂದಿದ್ದರು. ಆ ತಿಂಗಳಿನಿಂದಾಚೆಗೆ ಅದರ ವಿಮೆಯ ಮೇಲೆ ಕ್ಲೇಮ್ ಆಗಿತ್ತೇ ಎಂದು ವಿಚಾರಿಸಿದಾಗ ಉಳಿದ ಕಥೆ ಹೊರಬಂತು.

ಆದ್ದರಿಂದ ಕೊಳ್ಳುವವರು ಕಾರಿನ ಹೊಳಪು ನೋಡುವುದನ್ನು ಬಿಟ್ಟು, ತೊಳೆಯುವವರ ಕೈ ಹೋಗದ ಜಾಗ ನೋಡಿ. ಎಲ್ಲ ಸೀಟ್ ಬೆಲ್ಟುಗಳನ್ನೂ ಕೊನೆಯವರೆಗೆ ಎಳೆಯಿರಿ, ಸ್ಟೆಪ್ನಿ ಎತ್ತಿಸಿ ಅದರ ಗುಂಡಿಯಲ್ಲಿ ಕೈಯಾಡಿಸಿ, ಕಾರ್ಪೆಟ್ಟಿನ ಒಂದು ಮೂಲೆಯನ್ನು ಎತ್ತಿ ಒತ್ತಿ ನೋಡಿ, ಇಗ್ನಿಷನ್ ಆನ್ ಮಾಡಿ ಎಚ್ಚರಿಕೆಯ ದೀಪಗಳು ಹೊತ್ತಿ ಆರುವುದನ್ನು ಒಂದೊಂದಾಗಿ ಗಮನಿಸಿ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿ: 3519 ಎಂದಿದ್ದರೆ ಆ ಟೈರು 2019ರ 35ನೇ ವಾರ ತಯಾರಾದದ್ದು. ಅಷ್ಟು ಕಡಿಮೆ ಓಡಿದ ಕಾರಿಗೆ ನಾಲ್ಕೂ ಟೈರು ಹೊಸದೇಕೆ ಎಂದು ಕೇಳಿ. ನಮಗೆ “ನಿಮ್ಮ ಸೇಫ್ಟಿಗೆ ಸಾರ್” ಎಂಬ ಉತ್ತರ ಸಿಕ್ಕಿತ್ತು. ಬರುವ ಹೊತ್ತನ್ನು ಮುಂಚಿತವಾಗಿ ತಿಳಿಸಬೇಡಿ, ತಿಳಿಸಿದ್ದರೆ ಬಾನೆಟ್ ಮೇಲೆ ಕೈಯಿಟ್ಟು ಬಿಸಿಯಿದೆಯೇ ನೋಡಿ. ಕಾರ್ಪೆಟ್ ಎತ್ತಲು ಬಿಡುವುದಿಲ್ಲ ಎನ್ನುವವರ ಜೊತೆ ಚೌಕಾಸಿಗೂ ಇಳಿಯಬೇಡಿ.

ಕಾರು ಈಗ ಸೀಟು, ಕಾರ್ಪೆಟ್ ಎಲ್ಲ ಬಿಚ್ಚಿಕೊಂಡು ಮೆಕ್ಯಾನಿಕ್ ಬಳಿಯೇ ನಿಂತಿದೆ, ದೂರು ಕೊಡಲು ಕಾಗದಪತ್ರ ಹೊಂದಿಸುತ್ತಿದ್ದೇವೆ. ಇದು ಅವರ ಕಿವಿಗೆ ಬಿದ್ದ ಮೇಲೆ, ಇಷ್ಟು ದಿನ ಫೋನ್ ಎತ್ತದವರು ತಾವಾಗಿಯೇ ಫೋನ್ ಮಾಡಿ, ಕೊಟ್ಟದ್ದರಲ್ಲಿ ಅರ್ಧಕ್ಕೂ ಕಡಿಮೆ ಹಣಕ್ಕೆ ಕಾರನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಅದನ್ನು ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ. “ಅದು ನಮ್ಮ ವ್ಯವಹಾರ ಸಾರ್, ನಿಮಗ್ಯಾಕೆ” ಎಂದರು. ಕೊಡುವುದಿಲ್ಲ ಎಂದು ಹೇಳಿ ಫೋನ್ ಇಟ್ಟಿದ್ದೇನೆ.