ಗಲಾಪಗೋಸ್: 5 ದಿನದ ಬೋಟಾ, 8 ದಿನದ್ದಾ?

ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಿಗೆ ನಾನು ಎರಡು ಸಲ ಹೋಗಿ ಬಂದೆ. 2019ರ ಫೆಬ್ರವರಿಯಲ್ಲಿ ನಮ್ಮವರ ಜೊತೆ 5 ದಿನದ ಬೋಟಿನಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ ತಂಗಿಯ ಜೊತೆ 8 ದಿನದ ಬೋಟಿನಲ್ಲಿ. ಎರಡೂ 16 ಜನ ಹಿಡಿಯುವ ಸಣ್ಣ ಬೋಟುಗಳೇ, ಅದರಲ್ಲೇ ಉಂಡು ಮಲಗಿ ದ್ವೀಪದಿಂದ ದ್ವೀಪಕ್ಕೆ ಹೋಗುವುದು. ಮೊದಲ ಸಲ ದಿನಗಳ ಲೆಕ್ಕ ಸರಿಯಾಗಿ ಹಾಕಿದ್ದರೆ ಎರಡನೇ ಸಲ ಹೋಗುವ ಖರ್ಚೇ ಬರುತ್ತಿರಲಿಲ್ಲವೇನೋ.

5 ದಿನ ಅಂದರೆ 5 ದಿನ ಅಲ್ಲ, ಮೊದಲು ತಿಳಿಯಬೇಕಾದದ್ದು ಇದು. ಈಕ್ವೆಡಾರ್‌ನ ಗ್ವಾಯಾಕಿಲ್ ನಗರದಿಂದ ಹೊರಟ ವಿಮಾನ ಬಾಲ್ಟ್ರಾ ದ್ವೀಪದಲ್ಲಿ ಇಳಿಯುವಾಗ ಹೆಚ್ಚುಕಮ್ಮಿ ಮಧ್ಯಾಹ್ನ. ಬ್ಯಾಗ್ ತಪಾಸಣೆ, ನ್ಯಾಷನಲ್ ಪಾರ್ಕಿನ ಶುಲ್ಕ, ಬಸ್ಸು, ಬೋಟು, ಲೈಫ್ ಜಾಕೆಟ್ ಹಾಕಿಕೊಳ್ಳುವ ಪಾಠ, ಊಟ. ಇಷ್ಟೆಲ್ಲ ಮುಗಿದು ನಾರ್ತ್ ಸೀಮೋರ್ ದ್ವೀಪದಲ್ಲಿ ಕಾಲಿಟ್ಟಾಗ ಗಂಟೆ ಮೂರೂವರೆ. ಕೊನೆಯ ದಿನ ಬೆಳಿಗ್ಗೆ ಒಂದು ಸುತ್ತು ಹಾಕಿಸಿ ಏರ್‌ಪೋರ್ಟಿಗೆ ಬಿಡುತ್ತಾರೆ. ನಡುವೆ ಪೂರ್ತಿಯಾಗಿ ಸಿಗುವುದು 3 ದಿನ. 8 ದಿನದ್ದರಲ್ಲಿ 6. ಕಾಗದದ ಮೇಲೆ 3 ದಿನ ಜಾಸ್ತಿ ಅಷ್ಟೇ ಅನ್ನಿಸುತ್ತದೆ, ಆದರೆ ಕೈಗೆ ಸಿಗುವುದು ದುಪ್ಪಟ್ಟು.

ದುಡ್ಡಿನ ಲೆಕ್ಕವೂ ಹೀಗೇ. ಮುಖ್ಯ ಭೂಮಿಯಿಂದ ಸುಮಾರು 1000 ಕಿಲೋಮೀಟರ್ ದೂರದ ಆ ವಿಮಾನದ ಟಿಕೆಟ್ ಎಷ್ಟು ದಿನ ಇದ್ದರೂ ಅಷ್ಟೇ. ಪಾರ್ಕಿನ ಶುಲ್ಕ ನಾವು ಮೊದಲು ಹೋದಾಗ ವಿದೇಶಿಯರಿಗೆ 100 ಡಾಲರ್ ಇತ್ತು, 2024ರ ಆಗಸ್ಟ್‌ನಿಂದ 200 ಆಗಿದೆ. ಇದರ ಜೊತೆ 20 ಡಾಲರ್‌ನ ಪ್ರವೇಶ ಕಾರ್ಡು. ಮೂರು ದಿನ ನೋಡಿದರೂ ಅಷ್ಟೇ, ಆರು ದಿನ ನೋಡಿದರೂ ಅಷ್ಟೇ. ಬೋಟಿನ ಬಾಡಿಗೆ ಮಾತ್ರ ದಿನದ ಜೊತೆ ಏರುತ್ತದೆ. ಅದೇನೂ ಸಣ್ಣ ಮೊತ್ತ ಅಲ್ಲ, ತಂಗಿ ರಸೀದಿ ನೋಡಿ ಒಂದು ನಿಮಿಷ ಮಾತೇ ಆಡಲಿಲ್ಲ.

ಈಗ ಬೋಟಿನವರು ತಾವಾಗಿ ವಿವರಿಸದ ಒಂದು ಸಂಗತಿ. ಕೆಲವು ಜಾಗಗಳನ್ನು ಬಿಟ್ಟರೆ, ಒಂದು ಬೋಟು 14 ದಿನದೊಳಗೆ ಅದೇ ಜಾಗಕ್ಕೆ ಎರಡನೇ ಸಲ ಹೋಗುವಂತಿಲ್ಲ. ಇದು ನ್ಯಾಷನಲ್ ಪಾರ್ಕಿನ ನಿಯಮ. ಹಾಗಾಗಿ ಬೋಟುಗಳು ಎರಡು ವಾರದ ಒಂದು ದೊಡ್ಡ ಸುತ್ತು ಹಾಕುತ್ತವೆ. ಆ ಸುತ್ತನ್ನೇ ತುಂಡು ಮಾಡಿ 4 ದಿನ, 5 ದಿನ, 8 ದಿನ ಎಂದು ಮಾರುತ್ತಾರೆ. ಅಂದರೆ ನಾವು ಕೊಳ್ಳುವುದು ದಿನಗಳನ್ನಲ್ಲ, ಒಂದು ತುಂಡು ದಾರಿಯನ್ನು. ಆ ತುಂಡಿನಲ್ಲಿ ಯಾವ ದ್ವೀಪ ಬರುತ್ತದೆ ಅನ್ನುವುದೇ ಮುಖ್ಯ. ನಾನು ಮೊದಲ ಸಲ ತಾರೀಖು ನೋಡಿ ಬುಕ್ ಮಾಡಿದ್ದೆ. ರಜೆ ಯಾವಾಗ ಸಿಕ್ಕಿತೋ ಆ ವಾರ, ಅಷ್ಟೇ.

ಅದೃಷ್ಟಕ್ಕೆ ಆ ತುಂಡು ಚೆನ್ನಾಗಿಯೇ ಇತ್ತು. ಎರಡನೇ ದಿನ ಗೆನೊವೆಸಾ, ಉತ್ತರದ ತುದಿಯಲ್ಲಿ ಒಂಟಿಯಾಗಿ ಬಿದ್ದಿರುವ ದ್ವೀಪ. ಜ್ವಾಲಾಮುಖಿಯ ಬಾಯಿಯ ಒಂದು ಕಡೆ ಕುಸಿದು ಸಮುದ್ರ ಒಳಗೆ ನುಗ್ಗಿದೆ, ಬೋಟು ಸೀದಾ ಆ ಬಾಯೊಳಗೇ ಹೋಗಿ ನಿಲ್ಲುತ್ತದೆ. ಗಿಡದ ಮೇಲೆ ಕೆಂಪು ಕಾಲಿನ ಬೂಬಿ ಹಕ್ಕಿಗಳು, ಕೆಳಗೆ ನೆಲದಲ್ಲಿ ನಾಸ್ಕಾ ಬೂಬಿಗಳು. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಎಂದು ಗೈಡ್ ಹೇಳಿದ್ದರು. ನಾವು ದೂರ ನಿಂತರೂ ಹಕ್ಕಿಗಳಿಗೆ ಆ ನಿಯಮ ಗೊತ್ತಿರಬೇಕಲ್ಲ! ಒಂದು ಮರಿ ದಾರಿಯ ನಡುವೆ ಬಂದು ಕೂತು ನಮ್ಮನ್ನೆಲ್ಲ ಹತ್ತು ನಿಮಿಷ ತಡೆಯಿತು. ಮೂರನೇ ದಿನ ಬಾರ್ತೊಲೊಮೆ ದ್ವೀಪದ ಮರದ ಮೆಟ್ಟಿಲು ಹತ್ತಿದೆವು. ನಾಲ್ಕನೇ ದಿನದ ರಾಬಿಡಾ ದ್ವೀಪದ ಕೆಂಪು ಮರಳು ನನ್ನ ಚಪ್ಪಲಿಯಲ್ಲಿ ಇನ್ನೂ ಇದೆ.

ಆದರೆ ಗೆನೊವೆಸಾಗೆ ಹೋದ ರಾತ್ರಿ? ಕಡ್ಡಿ ಮುರಿದಂತೆ ಹೇಳುತ್ತೇನೆ, ನರಕ. ಬಯಲು ಸಮುದ್ರದಲ್ಲಿ ಇಡೀ ರಾತ್ರಿ ಪಯಣ. ಕೆಳಗಿನ ಕ್ಯಾಬಿನ್, ಇಂಜಿನ್ನಿನ ಸದ್ದು. ನೀರಿನ ಬಾಟಲಿ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಉರುಳುತ್ತಿತ್ತು. ನಮ್ಮವರು ಹೊಟ್ಟೆ ತೊಳೆಸಿ ಬಕೆಟ್ ಹಿಡಿದು ಕೂತಿದ್ದರು. 3 ದಿನದ ಟ್ರಿಪ್ಪಿನಲ್ಲಿ ಒಂದು ದಿನ ಸುಸ್ತಾದರೆ ಮೂರನೇ ಒಂದು ಭಾಗ ಹೋದಂತೆ. ಚಿಕ್ಕ ಟ್ರಿಪ್ಪಿನ ದೊಡ್ಡ ಕೊರತೆ ಇದೇ, ಏನೇ ಎಡವಟ್ಟಾದರೂ ಸರಿಮಾಡಿಕೊಳ್ಳಲು ಜಾಗ ಇಲ್ಲ. ಸಮುದ್ರಕ್ಕೆ ಮೈ ಒಗ್ಗಿತು ಅನ್ನುವಷ್ಟರಲ್ಲಿ ಬ್ಯಾಗ್ ಕಟ್ಟುತ್ತಿದ್ದೆವು. ಹೋದ ಪುಟ್ಟ, ಬಂದ ಪುಟ್ಟ.

ಎರಡನೇ ಸಲ ನಕ್ಷೆ ಮುಂದಿಟ್ಟುಕೊಂಡು ಆರಿಸಿದೆ. ನನಗೆ ಬೇಕಿದ್ದದ್ದು ಪಶ್ಚಿಮ, ಅಂದರೆ ಇಸಾಬೆಲಾದ ಹಿಂಬದಿ ಮತ್ತು ಫರ್ನಾಂಡಿನಾ. ಇಸಾಬೆಲಾ ದೊಡ್ಡ ದ್ವೀಪ, ಅದನ್ನು ಸುತ್ತಿ ಬರುವುದಕ್ಕೇ ದಿನಗಳು ಬೇಕು. 5 ದಿನದಲ್ಲಿ ಅಲ್ಲಿಗೆ ಹೋಗುವ ಬೋಟುಗಳೂ ಇವೆ, ಆದರೆ ಆಗ ಬೇರೆ ಏನೂ ಸಿಗುವುದಿಲ್ಲ.

ಫರ್ನಾಂಡಿನಾದ ಪುಂಟಾ ಎಸ್ಪಿನೋಸಾದಲ್ಲಿ ಪಾಂಗಾದಿಂದ, ಅಂದರೆ ಬೋಟಿನ ಜೊತೆ ಬರುವ ಸಣ್ಣ ದೋಣಿಯಿಂದ, ಕಪ್ಪು ಲಾವಾ ಬಂಡೆಯ ಮೇಲೆ ಇಳಿದೆವು. ತಂಗಿ ಕಾಲಿಡಲು ಹೋಗಿ ತಟ್ಟನೆ ನಿಂತಳು.

"ಅಕ್ಕಾ, ಈ ಬಂಡೆ ಉಸಿರಾಡ್ತಾ ಇದೆ!"

ಬಂಡೆಯಲ್ಲ, ಸಮುದ್ರ ಇಗುವಾನಾ ಎಂಬ ದೊಡ್ಡ ಹಲ್ಲಿಗಳು. ನೂರಾರು, ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದವು. ಕಲ್ಲಿನದ್ದೇ ಬಣ್ಣ. ಆಗಾಗ ಒಂದೊಂದು ಫುಸ್ ಎಂದು ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತಿತ್ತು. ತಿನ್ನುವುದು ಸಮುದ್ರದ ಪಾಚಿ, ಅದರ ಜೊತೆ ಹೊಟ್ಟೆ ಸೇರಿದ ಉಪ್ಪನ್ನು ಹೀಗೆ ಹೊರಗೆ ಹಾಕುತ್ತವೆ. ತಲೆಯ ಮೇಲೆಲ್ಲ ಉಪ್ಪು ಒಣಗಿ ಬಿಳಿ ಟೋಪಿ ಹಾಕಿದ ಹಾಗೆ. ಸ್ವಲ್ಪ ಮುಂದೆ ಹಾರಲಾರದ ನೀರುಕಾಗೆಯ ಗೂಡು. ಗಂಡು ಹಕ್ಕಿ ನೀರಿನಿಂದ ಮೇಲೆ ಬಂತು, ಬಾಯಲ್ಲಿ ಒಂದು ಹಿಡಿ ಕಡಲಪಾಚಿ. ಹೆಣ್ಣಿಗೆ ಕೊಟ್ಟಿತು, ಅದು ಗೂಡಿಗೆ ಸಿಕ್ಕಿಸಿಕೊಂಡಿತು. ಆಮೇಲೆ ಗಂಡು ತನ್ನ ಮೋಟು ರೆಕ್ಕೆಗಳನ್ನು ಅಗಲಿಸಿ ಒಣಗಿಸುತ್ತಾ ನಿಂತಿತು. ಜಗತ್ತಿನಲ್ಲಿ ಈ ಹಕ್ಕಿ ಇರುವುದು ಫರ್ನಾಂಡಿನಾ ಮತ್ತು ಇಸಾಬೆಲಾದಲ್ಲಿ ಮಾತ್ರ. ನಮ್ಮ ಮೊದಲ ಟ್ರಿಪ್ಪಿನ ದಾರಿಯಲ್ಲಿ ಇದನ್ನು ನೋಡಲು ಸಾಧ್ಯವೇ ಇರಲಿಲ್ಲ.

ಮಧ್ಯಾಹ್ನ ಇಸಾಬೆಲಾದ ಪುಂಟಾ ವಿಸೆಂಟೆ ರೋಕಾದಲ್ಲಿ ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡುವುದು. ನೀರಿಗೆ ಇಳಿದ ಕೂಡಲೇ ಕಿರುಚಿಕೊಂಡೆ, ಅಷ್ಟು ಚಳಿ. ಆಳದ ತಣ್ಣನೆ ನೀರು ಅಲ್ಲಿ ಮೇಲಕ್ಕೆ ಬರುತ್ತದೆ, ಭೂಮಧ್ಯರೇಖೆಯ ಪಕ್ಕದಲ್ಲೇ ಪೆಂಗ್ವಿನ್‌ಗಳು ಬದುಕುತ್ತಿರುವುದೂ ಅದರಿಂದಲೇ. ಫೆಬ್ರವರಿಯಲ್ಲಿ ನಾನು ವೆಟ್‌ಸೂಟ್ (ಚಳಿ ತಡೆಯುವ ಈಜುಡುಪು) ಇಲ್ಲದೆ ಈಜಿದ್ದೆ. ಋತು ಬೇರೆ, ಆದ್ದರಿಂದ ಈ ಹೋಲಿಕೆ ನೂರಕ್ಕೆ ನೂರು ನ್ಯಾಯವಾದದ್ದಲ್ಲ. ಸೆಪ್ಟೆಂಬರ್‌ನಲ್ಲಿ ಸಮುದ್ರ ಒರಟು, ಬೆಳಿಗ್ಗೆ ಮೋಡ ಮುಸುಕಿ ತುಂತುರು. ಆದರೂ ಎರಡನೇ ಸಲ ನಿದ್ದೆ ಚೆನ್ನಾಗಿ ಬಂತು. ಅದು ಎರಡು ಒಡಲಿನ ಕ್ಯಾಟಮರಾನ್ ಬೋಟು, ಅಷ್ಟಾಗಿ ಹೊಯ್ದಾಡುವುದಿಲ್ಲ. ವಾಂತಿ ಬರುವವರು ದಿನ ಕಡಿಮೆ ಮಾಡುವುದಕ್ಕಿಂತ ಬೋಟಿನ ಆಕಾರ ನೋಡುವುದು ಒಳ್ಳೆಯದು ಅನ್ನಿಸಿತು.

8 ದಿನದಲ್ಲಿ ಎಲ್ಲವೂ ಚೆನ್ನ ಅಂತಲ್ಲ. ಆರನೇ ದಿನ ನಮ್ಮ ಬೋಟಿನ ಅರ್ಧ ಜನ ಇಳಿದರು, ಹೊಸಬರು ಹತ್ತಿದರು. ತುಂಡು ಮಾಡಿ ಮಾರುತ್ತಾರೆ ಎಂದೆನಲ್ಲ, ಇದು ಅದರದ್ದೇ ಫಲ. ಅವರ ಏರ್‌ಪೋರ್ಟ್ ಓಡಾಟ ಮುಗಿಯುವವರೆಗೆ ನಮ್ಮನ್ನು ಸಾಂತಾ ಕ್ರೂಸ್ ದ್ವೀಪದ ಪುವೆರ್ಟೊ ಆಯೊರಾ ಊರಲ್ಲಿ ಬಿಟ್ಟರು. ಡಾರ್ವಿನ್ ಸಂಶೋಧನಾ ಕೇಂದ್ರದಲ್ಲಿ ಆಮೆ ಮರಿಗಳನ್ನೂ, ತನ್ನ ಬಗೆಯಲ್ಲಿ ಕೊನೆಯದಾಗಿ ಉಳಿದು 2012ರಲ್ಲಿ ಸತ್ತ ಲೋನ್ಸಮ್ ಜಾರ್ಜ್ ಆಮೆಯ ದೇಹ ಕಾಪಾಡಿಟ್ಟಿರುವುದನ್ನೂ ನೋಡಿದೆವು. ಆಮೇಲೆ ಸುಮ್ನೆ ಬೀದಿ ಸುತ್ತಿದ್ದೇ. ರಾತ್ರಿ ಮತ್ತದೇ ಪರಿಚಯ, ಮತ್ತದೇ ಲೈಫ್ ಜಾಕೆಟ್ ಪಾಠ. ಐದು ದಿನ ಒಟ್ಟಿಗೆ ಉಂಡವರು ಹೋದ ಮೇಲೆ ಟೇಬಲ್ಲೂ ಸಪ್ಪೆಯಾಯಿತು. ಜೊತೆಗೆ ಸುಸ್ತು. ಒಣಗದ ವೆಟ್‌ಸೂಟ್ ಬೆಳಿಗ್ಗೆ ಆರಕ್ಕೆ ಮತ್ತೆ ಹಾಕಿಕೊಳ್ಳುವ ಹಿಂಸೆ ಐದನೇ ದಿನದಿಂದ ಜಾಸ್ತಿಯಾಗಿತ್ತು. ಆ ದಿನ ತಂಗಿ ಸ್ನಾರ್ಕೆಲಿಂಗ್ ಬಿಟ್ಟು ಡೆಕ್ ಮೇಲೆ ಮಲಗಿದ್ದಳು. 5 ದಿನದ ಬೋಟಿನಲ್ಲಿ ಒಬ್ಬರೂ ಒಂದು ಸುತ್ತನ್ನೂ ಬಿಟ್ಟಿರಲಿಲ್ಲ, ಗೆನೊವೆಸಾದಲ್ಲಿ ನಮ್ಮವರನ್ನು ಬಿಟ್ಟರೆ.

ಏಳನೇ ದಿನದ ಎಸ್ಪಾನ್ಯೊಲಾ ದ್ವೀಪ ಆ ಸಪ್ಪೆಯನ್ನೆಲ್ಲ ಮರೆಸಿತು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಆಲ್ಬಟ್ರಾಸ್ ಹಕ್ಕಿಗಳು ಇರುತ್ತವೆ. ಎರಡು ಮೀಟರಿಗೂ ಅಗಲದ ರೆಕ್ಕೆ ಹೊತ್ತು ಬಾತುಕೋಳಿಯ ಹಾಗೆ ಓಲಾಡುತ್ತಾ ನಡೆದು, ಬಂಡೆಯ ಅಂಚಿಗೆ ಬಂದು, ಒಂದು ಕ್ಷಣ ಯೋಚಿಸಿ, ಧೊಪ್ಪೆಂದು ಬಿದ್ದಂತೆ ಹಾರಿಬಿಡುತ್ತವೆ.

ಹಾಗಾದರೆ ಯಾವುದು? ಜೀವನಕ್ಕೆ ಒಂದೇ ಸಲ ಹೋಗುವವರಿಗೆ ನಾನು 8 ದಿನ ಎನ್ನುತ್ತೇನೆ, ಆದರೆ ಪಶ್ಚಿಮ ದ್ವೀಪಗಳಿದ್ದರೆ ಮಾತ್ರ. ಪಶ್ಚಿಮ ಇಲ್ಲದ 8 ದಿನಕ್ಕಿಂತ ಗೆನೊವೆಸಾ ಇರುವ 5 ದಿನ ಮೇಲು, ಉಳಿದ ದುಡ್ಡಲ್ಲಿ ಸಾಂತಾ ಕ್ರೂಸ್‌ನಲ್ಲಿ ಇನ್ನೆರಡು ದಿನ ಉಳಿದು ಗುಡ್ಡದ ಮೇಲಿನ ಆಮೆಗಳನ್ನು ನೋಡಬಹುದು. ಸಣ್ಣ ಬೋಟಿನಲ್ಲಿ ಯಾವತ್ತೂ ಮಲಗದವರು, ದಿನವಿಡೀ ಗೈಡ್ ಹಿಂದೆ ನಡೆಯುವುದು ಹಿಡಿಸದವರು 5ಕ್ಕೇ ನಿಲ್ಲಿಸಲಿ. ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಜನ ಬದಲಾಗುವುದು ಎಷ್ಟನೇ ದಿನ, ಆ ದಿನ ನಮ್ಮನ್ನು ಎಲ್ಲಿ ಬಿಡುತ್ತೀರಿ?

ನಮ್ಮವರದ್ದು ಮಾತ್ರ ಬೇರೆ ತೀರ್ಪು. 5 ದಿನದ ಟ್ರಿಪ್ಪಿನ ಕೊನೆಯ ಬೆಳಿಗ್ಗೆ, ವಿಮಾನಕ್ಕೆ ಮೊದಲು, ಬ್ಲ್ಯಾಕ್ ಟರ್ಟಲ್ ಕೋವ್‌ನ ಮ್ಯಾಂಗ್ರೋವ್ ಗಿಡಗಳ ನಡುವೆ ಪಾಂಗಾದ ಮೋಟರ್ ಆರಿಸಿ ಕೂರಿಸಿದ್ದರು. ಕಡಲಾಮೆಗಳು ತಲೆ ಎತ್ತಿ ಉಸಿರು ಬಿಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ತಂಗಿ ಅವರಿಗೆ ಫರ್ನಾಂಡಿನಾದ ಫೋಟೋ ತೋರಿಸಿದಾಗಲೆಲ್ಲ, "ಚೆನ್ನಾಗಿದೆಯಮ್ಮ, ಆದರೆ ಆ ಬೆಳಿಗ್ಗೆ ನೀನು ಇರಬೇಕಿತ್ತು" ಎನ್ನುತ್ತಾರೆ.